ಅಳತೆ ಪುಸ್ತಕ

ಗುದೈಬಿಯಾದ ಹಿಂದಿನ ಗಲ್ಲಿಯಲ್ಲಿ,
ಟ್ರಾವೆಲ್ ಏಜೆನ್ಸಿಗೂ ಕರಕ್ ಚಹಾದಂಗಡಿಗೂ ನಡುವೆ,
ಹನ್ನೊಂದು ವರ್ಷದಿಂದ ಹೆಂಗಸರ ಎದೆ ಅಳೆಯುತ್ತಿದ್ದೇನೆ.
ಟೇಪು ಬೆನ್ನಿನಿಂದ ಸುತ್ತಿ ಬರುತ್ತದೆ,
ಎರಡು ಬೆರಳಿನ ಸಡಿಲ ಬಿಡುತ್ತೇನೆ,
ಮೂವತ್ತೆಂಟು, ನಲವತ್ತೆರಡು, ಒಮ್ಮೆ ಐವತ್ತಾರು.
ನನ್ನದನ್ನು ಯಾರೂ ಕೇಳಿಲ್ಲ.
ಎಲ್ಲರಿಗೂ ನಾನು ಮಾಸ್ಟರ್.
ಮಾಸ್ಟರ್ ಎಂದರೆ ಕತ್ತರಿ ಹಿಡಿದ ಕೈ, ಅಷ್ಟೆ;
ಆ ಪದಕ್ಕೆ ಲಂಗವೂ ಇಲ್ಲ, ಲುಂಗಿಯೂ ಇಲ್ಲ.

ಆಗಸ್ಟಿನಲ್ಲಿ ಸಮುದ್ರವೇ ಆವಿಯಾಗಿ
ಗಲ್ಲಿಗೆ ಬಂದು ನಿಲ್ಲುತ್ತದೆ.
ಅಬಾಯದ ಉಳಿಕೆ ಬಟ್ಟೆಯಲ್ಲಿ ನಾನೇ ಹೊಲಿದ ಬಿಗಿಪಟ್ಟಿ
ಪಕ್ಕೆಲುಬು ಕಚ್ಚಿ ಹಿಡಿದು, ಮಧ್ಯಾಹ್ನ ಮೂರರ ಹೊತ್ತಿಗೆ
ಉಸಿರನ್ನು ಕಂತಿನಲ್ಲಿ ಕೊಡುತ್ತದೆ.
ಇಸ್ತ್ರಿಯ ಕುದ್ದೂಸ್ ಏನೂ ಕೇಳುವುದಿಲ್ಲ.
ಫ್ಯಾನನ್ನು ನನ್ನ ಕಡೆ ತಿರುಗಿಸಿಟ್ಟು
ತಾನು ಹಬೆಯಲ್ಲಿ ಬೇಯುತ್ತಾನೆ.

ಶುಕ್ರವಾರ, ತಾರಸಿಯ ನೀರಿನ ಟ್ಯಾಂಕಿನ ನೆರಳಲ್ಲಿ
ಫೋನಿನೊಳಗೆ ಕೊಚ್ಚಿಯ ಡಾಕ್ಟರಮ್ಮ.
ಕಾಗದದ ಮೇಲೆ ಎದೆಯೊಂದನ್ನು ಬರೆದು ತೋರಿಸಿದರು:
ಚಿಕ್ಕದಾಗಿದ್ದರೆ ತೊಟ್ಟಿನ ಅಂಚಿನಲ್ಲೇ ಸಣ್ಣ ಕಿಂಡಿ ಸಾಕು,
ನಿಮ್ಮ ಅಳತೆಗೆ ಅದಾಗದು, ಅಡ್ಡಕ್ಕೆ ಎರಡು ಗೀರು ಬೇಕು,
ತೊಟ್ಟು ಬಿಡಿಸಿ ಮತ್ತೆ ಕೂರಿಸಬಹುದು
(ಗುಂಡಿ ಹೊಲಿದ ಹಾಗೆ, ಎಂದುಕೊಂಡೆ),
ಹಿಡಿದರೆ ಹಿಡಿಯಿತು; ಬೇಡವೇ ಬೇಡ ಅಂತಲೂ ಬಿಡಬಹುದು.
"ಗಂಡಸಿನ ಎದೆ ಬೇಕು, ಅಲ್ಲವೆ?"
ಇಲ್ಲ ಎಂದೆ.
"ಹಾಗಾದರೆ?"
ಟ್ಯಾಂಕಿನೊಳಗೆ ನೀರು ಬೀಳುವ ಸದ್ದು
ತುಂಬ ಹೊತ್ತು ಕೇಳಿತು.

ಅವನು ಬಂದ, ಅವಳು ಬಂದಳು, ಅದು ಬಂತು.
ಬಾಗಿಲಲ್ಲೇ ನಿಲ್ಲಿಸಿ ಚೀಟಿ ಕೇಳುವ ಕ್ರಿಯಾಪದಗಳು.
ನಾನು ಬಂದೆ ಅಂದರೆ ಮಾತ್ರ ಯಾರೂ ತಡೆಯುವುದಿಲ್ಲ.
ಬಂದೆ, ಉಂಡೆ, ಬೆವರಿದೆ, ಹೊಲಿದೆ,
ಆ ಕೊನೆಯ ಎಕಾರದೊಳಗೆ
ಇಷ್ಟು ವರ್ಷ ಬಾಡಿಗೆಗಿದ್ದೇನೆ.
ಅಂಥದ್ದೊಂದು ಎದೆ ಬೇಕು ಡಾಕ್ಟರೇ, ಎನ್ನಬೇಕಿತ್ತು.
"ಪೂರ್ತಿ ಚಪ್ಪಟೆ ಬೇಡ, ಈಗಿನಷ್ಟೂ ಬೇಡ" ಎಂದೆ,
ಬಟ್ಟೆಯಂಗಡಿಯಲ್ಲಿ ನಾಚುವ ಗಿರಾಕಿಯ ಹಾಗೆ.
ಅವರು ನಗಲಿಲ್ಲ. "ಅದೂ ಆಗುತ್ತದೆ. ಎಷ್ಟು ಉಳಿಸಲಿ?"

ಎಷ್ಟು ಉಳಿಸಲಿ.
ಯಾವ ಬಟ್ಟೆಗೂ ಒಳಗೆ ಒಂದಿಂಚು ಬಿಟ್ಟೇ ಹೊಲಿಯುತ್ತೇನೆ,
ನಾಳೆ ಮೈ ತುಂಬಿದರೆ ಬಿಚ್ಚಿ ಹಿಗ್ಗಿಸಲೆಂದು.
ಇದಕ್ಕೆ ಒಳಮಡಿಕೆ ಇಲ್ಲವಂತೆ.
ಗಿರಾಕಿಗಳು ಕತ್ತರಿ ತಾಗುವ ಮುಂಚೆ
ಎರಡೆರಡು ಸಲ ಯಾಕೆ ಕೇಳುತ್ತಾರೆ ಎಂದು
ಈಗ ತಿಳಿಯಿತು.

ಆರು ವಾರ ಕೈ ಮೇಲೆತ್ತುವಂತಿಲ್ಲ, ರಜೆ ನಲವತ್ತೈದು ದಿನ,
ಉಳಿದ ಮೂರರಲ್ಲಿ ವಿಮಾನ.
ನನ್ನ ಮದುವೆಗೆಂದು ಅಮ್ಮ ಫೋನಿನಲ್ಲೇ ಎಣಿಸುವ ಆರು ಬಳೆ
ಸೂಕಿನ ತಕ್ಕಡಿಗೆ ಹೋಗಬೇಕು.
ಇದಕ್ಕೆಲ್ಲ ಎದೆಗಾರಿಕೆ ಬೇಕು ಅನ್ನುತ್ತಾರೆ;
ಎಷ್ಟು ಇಂಚಿನದು ಎಂದು ಯಾರೂ ಹೇಳುವುದಿಲ್ಲ.

ನಿನ್ನೆ ಶಟರ್ ಎಳೆದ ಮೇಲೆ
ಟ್ರಯಲ್ ರೂಮಿನ ಕನ್ನಡಿಯೆದುರು ಪಟ್ಟಿ ಬಿಚ್ಚಿದೆ.
ಪಕ್ಕೆಯ ತುಂಬ ಹೊಲಿಗೆಯ ಅಚ್ಚು.
ನೀಲಿ ಚಾಕು ಬೆವರಿನ ಮೇಲೆ ನಿಲ್ಲುವುದಿಲ್ಲ,
ಒರೆಸಿ ಮತ್ತೆ ಎಳೆದೆ,
ಕೈ ನಡುಗಲಿಲ್ಲ ಎಂದರೆ ಸುಳ್ಳು.
ಮೂರನೆಯ ಗೀಟು, ಎಡಗಡೆ ತುಸು ಮೇಲೆ,
ಅರೆ, ಇಲ್ಲಿ.
ಇಷ್ಟೇ.

ಪುಸ್ತಕ ತೆರೆದೆ. ಹೆಸರು: ಮಾಸ್ಟರ್.
ಎದೆ: ಬರೆದೆ. ಡಾಕ್ಟರಿಗೆ ಬಿಟ್ಟು ಯಾರಿಗೂ ಹೇಳುವುದಿಲ್ಲ.
ಟ್ರಯಲ್ ಎಂಬ ಖಾನೆಗೆ ಅಡ್ಡಗೀಟು.
ಡೆಲಿವರಿ ತಾರೀಖಿನ ಹತ್ತಿರ ಪೆನ್ನು ನಿಂತಿತ್ತು,
ಹೊರಗಿನಿಂದ ಕುದ್ದೂಸ್ ಶಟರ್ ಬಡಿದ:
ಮಾಸ್ಟರ್, ಚಹಾ ಆರುತ್ತಿದೆ.