ಒಂದು ಮೀಟರು ಹತ್ತು

ಪರ್ತ್‌ನಿಂದ ಮೂರು ತಾಸು, ಗೋಧಿಯ ಪೇಟೆ.
ಅಂಚೆ ಕಚೇರಿಯ ಗೋಡೆಗೆ ಮೊಣಕಾಲುದ್ದ ಬಿಳುಪು.
ಬೆರಳಿಗೆ ಹತ್ತಿಸಿ ನೆಕ್ಕಿದೆ: ಉಪ್ಪು.

ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ,
ಇಲ್ಲಿ ಗಾದೆ ತಲೆಕೆಳಗು.
ಕಾಡು ಕಡಿದು, ಹುಲ್ಲುಹಾಸಿಗೆ ಹಗಲಿರುಳು ನೀರು ಕುಡಿಸಿ
ಈಗ ಇಟ್ಟಿಗೆಗಳಿಗೆ ಉಪ್ಪು ತಿನ್ನಿಸುತ್ತಿದ್ದೇವೆ.

ಮಂಗಳವಾರ ಫುಟ್‌ಬಾಲ್ ಮೈದಾನದ ಹಿಂದಿನ ಕೊಳವೆಯೊಳಗೆ
ಟೇಪು ಇಳಿಬಿಡುತ್ತೇನೆ.
ತುದಿಯ ಗುಂಡು ‘ಗುಳುಕ್’ ಅಂದಲ್ಲಿ ನೀರು.
ಒಂದು ಮೀಟರು ಹತ್ತು.
ಹೋದ ವರ್ಷ ಇನ್ನೂ ಮೊಳದಷ್ಟು ಕೆಳಗಿತ್ತು.

ನೀರು ಮೇಲೆದ್ದರೆ ಬಾಗಿನ ಕೊಡುವ ನಾಡಿನವನು ನಾನು;
ಪಂಪು ಹಚ್ಚಿ ಗಂಗಮ್ಮನನ್ನು ಕೆಳಗಿಳಿಸುವುದು ಸಂಬಳದ ಕೆಲಸ.

ಏವ್ರಿಲ್ ಪೆಡ್ಲರ್, ಗುಲಾಬಿಗೆ ಪೈಪು ಹಿಡಿದೇ,
‘ಎಷ್ಟಿದೆ ಈ ಸಲ?’ ಅನ್ನುತ್ತಾರೆ.
ಹೇಳುತ್ತೇನೆ.
ನಲ್ಲಿ ಅರ್ಧ ತಿರುಗಿಸುತ್ತಾರೆ.
ಅರ್ಧ ಮಾತ್ರ.