ಕೋಷ್ಟಕ ಏಳು

ವಾಸ್ಕೋದ ಬಸ್ಸಿಳಿದು ಬಾಂಬೋಳಿಯ ದಿಬ್ಬ ಹತ್ತಿದ ಉಸಿರು
ಇನ್ನೂ ಆರಿಲ್ಲ. ಎರಡನೇ ಮಹಡಿಯ ಉದ್ದ ಪಡಸಾಲೆ,
ಬಾಗಿಲಿಗೊಂದು ಹೆಸರು, ಹೆಸರಿನ ಕೆಳಗೆ ಆಸಕ್ತಿ.
ಶುಕ್ರವಾರದೊಳಗೆ ಒಬ್ಬರನ್ನು ಆರಿಸಿ
ಫಾರ್ಮು ತುಂಬಿ ಕೊಡಬೇಕು.

ಡಾ. ಫಿಲೊಮೆನಾ ಕುತಿನ್ಹೊ: ಗಣಿ ಮುಚ್ಚಿದ ಮೇಲಿನ ಊರುಗಳು.
ಅವರ ಕಿಟಕಿಯಲ್ಲಿ ಕೆಂಪು ಧೂಳಿನದೊಂದು ಸೀಸೆ, ಮುಚ್ಚಳ ಬಿಗಿ.
ಡಾ. ಉಲ್ಲಾಸ ಕೇಂಕ್ರೆ: ಟ್ರಾಲರಿನ ಡೀಸೆಲ್ಲು, ಸಬ್ಸಿಡಿ, ಬಂಗಡೆಯ ದರ.
ಮೀನು ಮುಟ್ಟುವುದಿಲ್ಲವಂತೆ, ಡಬ್ಬಿಯಲ್ಲಿ ಸದಾ ಅವಲಕ್ಕಿ.
ಮೂರನೆಯ ಬಾಗಿಲಲ್ಲಿ ಹೆಸರಿಲ್ಲ, ಅಂಟಿನ ನಾಲ್ಕು ಕಲೆ.
ನಿವೃತ್ತರಾದವರ ಆಸಕ್ತಿ ಏನಿತ್ತೆಂದು
ಜವಾನ ಗುರುದಾಸನನ್ನು ಕೇಳಿದರೆ
"ಚಹಾ, ಸಕ್ಕರೆ ಕಮ್ಮಿ" ಅಂದ.

ಕೊನೆಯದು ಡಾ. ಸುಲಭಾ ಪ್ರಭುದೇಸಾಯಿ:
ವಲಸೆ ಬಂದ ಕುಟುಂಬಗಳ ಆದಾಯ.
ಅಲ್ಲಿ ನಿಂತೆ. ನಿಂತೇ ಇದ್ದೆ.

ಅವರ ಪುಸ್ತಕ ಗ್ರಂಥಾಲಯದಲ್ಲಿದೆ.
ನೂರಾ ನಾಲ್ಕನೇ ಪುಟ, ಕೋಷ್ಟಕ ಏಳು:
ಬೈನಾ, ಇನ್ನೂರ ಹನ್ನೆರಡು ಮನೆ,
ಹೆಂಗಸಿನ ಸರಾಸರಿ ದಿನಗೂಲಿ
ಎಂಬತ್ತೊಂದು ರೂಪಾಯಿ ನಲವತ್ತು ಪೈಸೆ.
ಆ ನಲವತ್ತರಲ್ಲಿ ಒಂಬತ್ತು ಚಿಲ್ಲರೆ
ನಾನು ಹಾಕಿದ್ದು.

ನನಗಾಗ ಒಂಬತ್ತು ವರ್ಷ.
ಹೆಲ್ಮೆಟ್ಟು ಕಂಕುಳಲ್ಲಿಟ್ಟು ಒಬ್ಬ ಹುಡುಗ ಬಂದ,
ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತ.
ಅವನಿಗೆ ಕೊಂಕಣಿ, ಅವ್ವನಿಗೆ ಕನ್ನಡ,
ನಡುವೆ ಶಾಲೆಯ ಸಮವಸ್ತ್ರದಲ್ಲಿ ನಾನು.
ಮನೆಯಲ್ಲಿ ದುಡಿಯುವವರು ಎಷ್ಟು ಜನ?
"ದುಡೀಲಾರದವ್ರು ಯಾರದಾರ, ಕೇಳು ಅವಗ."
ಇಬ್ಬರು, ಅಂದೆ.
ಜೆಟ್ಟಿಯಲ್ಲಿ ಮೀನು ಆರಿಸಿದ್ದಕ್ಕೆ ದಿನಕ್ಕೆ?
"ಎಂಬತ್ತು" ಅಂದಳು ಅವ್ವ,
ಹುರುಪೆ ಹತ್ತಿದ ಕೈ ಸೆರಗಿಗೆ ಒರೆಸುತ್ತ.
ಪಕ್ಕದ ಮನೆಯ ಸಕ್ಕೂಬಾಯಿ ಬಾಗಿಲಲ್ಲಿ ನಿಂತು
ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.
"ಶಂಬರ್" ಅಂದೆ.
ಅವನು ಬರೆದುಕೊಂಡ.

ಆ ಹುಡುಗನಿಗೆ ಈಗ ಕಿವಿಯ ಹತ್ತಿರ ನರೆ.
ಉದಯ ಪಾಗಿ ಸರ್. ನಮಗೆ ಇಕನಾಮೆಟ್ರಿಕ್ಸ್.
ಬಾಗಿಲಿಲ್ಲ, ಹೆಸರಿನ ಹಲಗೆಯಿಲ್ಲ,
ಝೆರಾಕ್ಸ್ ಮಶೀನಿನ ಪಕ್ಕ ಅರ್ಧ ಟೇಬಲ್ಲು.
ತಾಸಿನ ಲೆಕ್ಕದ ಮಾಸ್ತರು, ರಜೆ ಬಂದರೆ ಸಂಬಳವಿಲ್ಲ.
ಸಂಶೋಧನೆಯ ವಿಷಯ: ಗುತ್ತಿಗೆ ಕೂಲಿ.
ಹೇಳುವಾಗ ತಾವೇ ಮೊದಲು ನಗುತ್ತಾರೆ,
ಬೇರೆಯವರು ನಗಲೆಂದು ಕಾಯುವುದಿಲ್ಲ.

ಹೋಗಿ ಹೇಳಿದೆ: ಸರ್, ಕೋಷ್ಟಕ ಏಳರಲ್ಲಿ
ಇಪ್ಪತ್ತು ರೂಪಾಯಿ ಸುಳ್ಳಿದೆ.
ಕನ್ನಡಕ ತೆಗೆದರು. ಬಹಳ ಹೊತ್ತು ನೋಡಿದರು.
"ಬಕೆಟ್ಟು ಹಸಿರು, ಅಲ್ಲವೇ?"
ಆಮೇಲೆ ದನಿ ತಗ್ಗಿಸಿ:
"ಬೀಗ ಹಾಕಿದ್ದ ಮೂರು ಮನೆ
ಚಹಾದಂಗಡಿಯಲ್ಲೇ ಕೂತು ತುಂಬಿಬಿಟ್ಟೆ.
ಮಳೆ ಜೋರಿತ್ತು."

ಇವರ ಹೆಸರನ್ನೇ ಬರೆಯೋಣವೆಂದರೆ
ಫಾರ್ಮಿನ ಅಡಿಯಲ್ಲಿ ಸಣ್ಣ ಅಕ್ಷರ:
ಕಾಯಂ ಅಧ್ಯಾಪಕರು ಮಾತ್ರ.
ಪ್ರಭುದೇಸಾಯಿ ಮೇಡಂ ಹೆಸರು ಬರೆದೆ.
ವಿಷಯ ಎಂಬಲ್ಲಿ ಮೊದಲು ಪೆನ್ಸಿಲಿನಲ್ಲಿ,
ಉತ್ತರ ಹೇಳುವಾಗ ಬಾಗಿಲಲ್ಲಿ ಯಾರು ನಿಂತಿದ್ದರು.
ಅಳಿಸಿ, ಇಂಕಿನಲ್ಲಿ,
ಸಮೀಕ್ಷೆಯ ದೋಷಗಳು.

ರಾತ್ರಿ ಬಂಗಡೆ ಹುರಿಯುತ್ತ ಅವ್ವ ಕೈ ತಡೆದಳು.
"ಬಕೀಟಿನ ಮ್ಯಾಲ ಕುಂತಿದ್ನಲ್ಲ, ಆ ಹುಡುಗ?
ಮಾಸ್ತರ ಆಗ್ಯಾನ? ಛಲೋ ಆತು ಬಿಡು.
ತಾಸಿಗೆ ಎಷ್ಟು ಕೊಡ್ತಾರವಗ?"

ಬಾಗಿಲು ತೆರೆದಿತ್ತು. ಸಕ್ಕೂಬಾಯಿ
ಈಗಲೂ ಪಕ್ಕದಲ್ಲೇ ಇದ್ದಾಳೆ.
ಎಂಟುನೂರು.
"ಸಾವಿರ" ಅಂದೆ.