ಕೊಠಡಿ ಹದಿನೇಳು, ಗುರುವಾರ ಮೂರು ಗಂಟೆ

ಬಾಗಿಲ ಮೇಲಿನ ಹಲಗೆಯಲ್ಲಿ
'ವೃತ್ತಿ ಮಾರ್ಗದರ್ಶನ ಕೋಶ' ಎಂದಿತ್ತು.
ಹೋದ ಮಳೆಗಾಲಕ್ಕೆ 'ಮಾರ್ಗ' ಉದುರಿತು.
ಈಗ ಹುಡುಗರು ಇಣುಕಿ ಕೇಳುತ್ತಾರೆ,
'ದರ್ಶನ ಎಷ್ಟೊತ್ತಿಗೆ ಮೇಡಂ?'
ಮೂರಕ್ಕೆ ಅನ್ನುತ್ತೇನೆ. ಗುರುವಾರ ಮಾತ್ರ.
ಪ್ರಸಾದ ಇಲ್ಲ.

ನಾಲ್ಕನೇ ವರ್ಷದ ಆನರ್ಸಿಗೆ ಉಳಿದವರು ಐದೇ ಜನ.
ಮಿಕ್ಕವರು ಮೂರಕ್ಕೇ ಸಾಕೆಂದು
ಬಿ.ಎಡ್‌ಗೆ, ಚಿನ್ನದ ಸಾಲದ ಕಂಪನಿಗೆ,
ಒಬ್ಬಳು ಹಿರಿಯೂರಿಗೆ, ಗಂಡನ ಮನೆಗೆ.
ಹಾಜರಿ ಪುಸ್ತಕದ ಪುಟದಲ್ಲಿ
ಐದು ಹೆಸರು, ಕೆಳಗೆ ಬೆಳ್ಳನೆ ಬಯಲು.

ಅವಕಾಶಗಳಿವೆ, ಇಲ್ಲವೆಂದಲ್ಲ.
ಬೇಸಿಗೆಯ ಸಂಶೋಧನಾ ಶಿಬಿರ, ಎರಡು ತಿಂಗಳು, ವೇತನ ಸಹಿತ;
ಗಣಿ ಇಲಾಖೆಯಲ್ಲಿ ತರಬೇತಿ, ವೇತನ ರಹಿತ;
ಜೋಗಿಮಟ್ಟಿ ಕಡೆಯ ಗಾಳಿಯಂತ್ರದ ಕಂಪನಿಗೆ
ಎತ್ತರಕ್ಕೆ ಹೆದರದ ಇಬ್ಬರು ಬೇಕು.
ಕಾಗದ ಹಾರದಂತೆ ಮೇಲೊಂದು ಕಲ್ಲು ಇಟ್ಟಿದ್ದೇನೆ.
ದುರ್ಗದ ಗಾಳಿಗೆ
ಅವಕಾಶವಾದರೂ ಅಷ್ಟೇ, ರದ್ದಿಯಾದರೂ ಅಷ್ಟೇ.

ಶಾಯಿಸ್ತಾ ಬಂದಳು, ಎಲ್ಲ ಬರೆದುಕೊಂಡು ಹೋದಳು.
ಓಬಳೇಶ ಬಂದ. 'ಎತ್ತರ ಅಂದ್ರೆ ಎಷ್ಟು ಮೇಡಂ?'
ಎಂಬತ್ತು ಮೀಟರ್ ಅಂದೆ.
ಕಿಟಕಿಯಾಚೆ ಕತ್ತೆತ್ತಿ ನೋಡಿದ,
ತೆಂಗಿನಮರದ ಲೆಕ್ಕಕ್ಕೆ ಇಳಿಸುವವನಂತೆ.
ಆಮೇಲೆ ಕರಿಯಮ್ಮ ವೈ., ಭೂವಿಜ್ಞಾನ,
ಆರೂ ಸೆಮಿಸ್ಟರಿಗೆ ಮೊದಲಿಗಳು,
ಮಾತಿಗೆ ಮಾತ್ರ ಕೊನೆಯವಳು.

ಅರ್ಜಿಯ ಒಂಬತ್ತನೇ ಅಂಕಣ:
ನಿಮ್ಮ ವಿಶೇಷ ಸಾಮರ್ಥ್ಯಗಳನ್ನು ವಿವರಿಸಿ, ನೂರು ಪದ ಮೀರದಂತೆ.
ಅವಳು ಬರೆದಿದ್ದಳು: ಇಲ್ಲ.
ಒಂದೇ ಪದ. ಮಿತಿಯೊಳಗೇ ಇತ್ತು.

'ಏನೂ ಇಲ್ವೇನೆ?'
'ಏನೈತೆ ಮೇಡಂ. ಓದ್ತೀನಿ, ಅಷ್ಟೆ.'
ಅನ್ನುತ್ತಲೇ ನನ್ನ ಕಲ್ಲನ್ನೆತ್ತಿ
ಕಿವಿಯ ಹತ್ತಿರ ಹಿಡಿದು
ಬೆರಳ ಗೆಣ್ಣಿನಿಂದ ತಟ್ಟಿದಳು, ಎರಡು ಸಲ,
ಸಂತೆಯಲ್ಲಿ ಮಡಕೆ ಕೊಳ್ಳುವವಳ ಹಾಗೆ.
'ಇದರ ಹೊಟ್ಟೆಯಾಗೆ ಸೀಳು ಐತೆ.
ಬೀಳಿಸಬ್ಯಾಡ್ರಿ, ಎರಡಾಗ್ತದೆ.'

ನಾಲ್ಕು ವರ್ಷದಿಂದ ನನ್ನೆದುರಿಗಿರುವ ಕಲ್ಲು.
ಮೇಲೆ ಒಂದು ಗೆರೆಯೂ ಇಲ್ಲ.
'ಯಾರು ಹೇಳಿಕೊಟ್ಟರು?'
'ನಮ್ಮವ್ವ, ಕ್ವಾರಿಯಾಗೆ.
ಸುತ್ತಿಗೆ ಎತ್ತೋಕೆ ಮುಂಚೆ ಕೇಳ್ಬೇಕಂತೆ,
ಎಲ್ಲಿ ಒಡೀತೀಯ ಅಂತ. ಅದೇ ಹೇಳ್ತದೆ.'
ಇದೂ ಒಂದು ವಿದ್ಯೆಯೇ ಎಂಬಂತೆ
ಕಲ್ಲನ್ನು ಸುತ್ತೋಲೆಯ ಮೇಲೆ ತಿರುಗಿ ಇಟ್ಟಳು.

'ಇಲ್ಲ' ಹೊಡೆದು ಹಾಕಿಸಿದೆ.
ಆಮೇಲೆ ಶುರುವಾಯಿತು ಜಗಳ.
'ಶ್ರವಣ ವಿಧಾನದ ಶಿಲಾಪರೀಕ್ಷೆ' ಎಂದೆ ನಾನು.
ಅವ್ವ ಕೇಳಿದರೆ ಹೆದರಿಕೊಳ್ತಾಳೆ ಎಂದು ನಕ್ಕಳು.
ಕೊನೆಗೆ ಅವಳದೇ ನಿಂತಿತು:
ಕಲ್ಲಿನ ದನಿ ಗೊತ್ತು. ಕಲಿಸಿದವರು: ಯಲ್ಲಮ್ಮ, ಜೆಲ್ಲಿ ಕ್ವಾರಿ.
ತೊಂಬತ್ಮೂರು ಪದ ಬಾಕಿ ಬಿಟ್ಟೆವು.

ಮಾರ್ಗದರ್ಶಕರ ಸಹಿ, ಹುದ್ದೆ, ಮೊಹರು.
ಹುದ್ದೆಯ ಮುಂದೆ ಪೆನ್ನು ನಿಂತಿತು.
ಅತಿಥಿ ಉಪನ್ಯಾಸಕಿ, ಹನ್ನೊಂದನೇ ವರ್ಷ.
ಪಾಠ ಮುಗಿದ ದಿನ ಅತಿಥಿ ಏಳಬೇಕು,
ಕರೆದರೆ ಮತ್ತೆ ಬರಬೇಕು.
ಈ ಕೋಶದ ಬೀಗದ ಕೈ ಮಾತ್ರ
ನನ್ನ ಬಳಿ ಕಾಯಂ.

ಮೇಜಿನ ಆಚೆಯಿಂದ ಅವಳು
ಅಕ್ಷರಗಳನ್ನು ತಲೆಕೆಳಗಾಗಿ ಓದುತ್ತಿದ್ದಳು.
'ನೀವೂ ಹಾಕ್ರಿ ಮೇಡಂ. ಕೆಳಗೆ ಐತಲ್ಲ,
ಶಿಬಿರಕ್ಕೆ ಸಹಾಯಕ ಬೋಧಕರು ಬೇಕು ಅಂತ.'
'ವಯಸ್ಸಿನ ಮಿತಿ ಇದೆ ಕಣೆ.'
'ಎಷ್ಟು?'
ಹೇಳಲಿಲ್ಲ.
ಅವಳು ಲೆಕ್ಕ ಹಾಕಲಿಲ್ಲ, ಇಲ್ಲಾ ಹಾಕಿ ಸುಮ್ಮನಾದಳು.
ಬೆರಳು ಮಾತ್ರ ಮೇಜನ್ನೊಮ್ಮೆ ತಟ್ಟಿತು,
ಅಭ್ಯಾಸಬಲ.

ನಾಲ್ಕೂವರೆಯ ಅಂಚೆಗೆ ಓಡಿದಳು.
ಬೀಗ ಹಾಕುವ ಮುಂಚೆ ಕಲ್ಲನ್ನು
ಎರಡು ಕೈಯಲ್ಲಿ ಎತ್ತಿ ಕಪಾಟಿಗೆ ಒಯ್ದೆ.
ದಾರಿಯಲ್ಲಿ ನಿಂತು ಕಿವಿಗೆ ಹಿಡಿದು ತಟ್ಟಿದೆ.
ನನಗೇನೂ ಕೇಳಲಿಲ್ಲ.
ಗೇಟಿನ ಬಳಿ ಓಬಳೇಶ ಇನ್ನೂ ನಿಂತಿದ್ದ,
ಬೆಟ್ಟದ ಕಡೆ ಮುಖ ಮಾಡಿ,
ಬೆರಳು ಮಡಚುತ್ತ.